ಕಾರಣ ಕೊಡುವ ಅಭ್ಯಾಸ

ನವೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪ್ರಬಂಧ ಸ್ಪರ್ಧೆಗಳ ಸುಗ್ಗಿ. ರಾಜ್ಯೋತ್ಸವ ಮುಗಿಯುತ್ತಿದ್ದಂತೆ 9ರಂದು ಕಾನೂನು ಸೇವಾ ದಿನ, 14ರಂದು ಮಕ್ಕಳ ದಿನ, 26ರಂದು ಸಂವಿಧಾನ ದಿನ. ತಾಲ್ಲೂಕು ಕಾನೂನು ಸೇವಾ ಸಮಿತಿಯವರು, ವಕೀಲರ ಸಂಘದವರು, ಶಿಕ್ಷಣ ಇಲಾಖೆಯವರು ಕೂಡಿಕೊಂಡು ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೆ ಕಾನೂನು, ಸಂವಿಧಾನ, ಪೌರನೀತಿಯ ಬಗ್ಗೆ ಬರೆಯಲು ಹೇಳುತ್ತಾರೆ. ಸಂವಿಧಾನದ ಮಹತ್ವ, ಮೂಲಭೂತ ಹಕ್ಕುಗಳು ಮತ್ತು ಕರ್ತವ್ಯಗಳು, ಬಾಲ್ಯವಿವಾಹ ಎಂಬ ಪಿಡುಗು, ಹೀಗೆ ವಿಷಯಗಳು. ಮೂರು ಬಹುಮಾನ, ಉಳಿದವರಿಗೆಲ್ಲ ಒಂದು ಪ್ರಮಾಣಪತ್ರ. ಗೆರೆ ಎಳೆದ ಹಾಳೆಯ ಮುಂದೆ ಮಗು ಕೂರುವ ಆ ಒಂದು ಗಂಟೆಯ ಬಗ್ಗೆ ಈ ಬೆಳಿಗ್ಗೆ ಸ್ವಲ್ಪ ಯೋಚಿಸೋಣ.

ಇದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಹನ್ನೊಂದರಿಂದ ಹದಿನಾಲ್ಕರ ನಡುವಿನ ವಯಸ್ಸು ವಿಚಿತ್ರವಾದದ್ದು. ಹಿರಿಯರು ಹೇಳಿದ್ದೆಲ್ಲ ಸರಿ ಎಂದು ನಂಬುವ ಕಾಲ ಮುಗಿಯುತ್ತ ಬಂದಿರುತ್ತದೆ. ಯಾರ ಮಾತೂ ಬೇಡ ಎನ್ನುವ ಕಾಲ ಇನ್ನೂ ಬಂದಿರುವುದಿಲ್ಲ. ಇದು ನ್ಯಾಯವೇ, ಅದು ಅನ್ಯಾಯವಲ್ಲವೇ ಎಂಬ ಪ್ರಶ್ನೆಗಳು ಬಾಯಿಂದ ತಾವಾಗಿ ಉದುರುವ ವಯಸ್ಸು. ಆಟದಲ್ಲಿ, ಊಟದ ಸಾಲಿನಲ್ಲಿ, ಅಣ್ಣ-ತಂಗಿಯರ ಪಾಲಿನಲ್ಲಿ ಮಕ್ಕಳು ದಿನಕ್ಕೆ ಹತ್ತು ಸಲ ನ್ಯಾಯ ಕೇಳುತ್ತಾರೆ. ಆ ವಯಸ್ಸಿನ ಕೈಗೆ ಪೆನ್ನು ಕೊಟ್ಟು, ಕಾನೂನಿನ ಬಗ್ಗೆ ನಿನಗೇನು ಅನ್ನಿಸುತ್ತದೆ ಬರೆ ಎನ್ನುವುದು ದೊಡ್ಡ ಮಾತು. ಆದರೆ ನಾವು ನಿಜವಾಗಿಯೂ ಹಾಗೆ ಕೇಳುತ್ತೇವೆಯೇ?

ಇಂಥ ಸ್ಪರ್ಧೆಗಳ ಉತ್ತರಪತ್ರಿಕೆಗಳನ್ನು ಓದುವ ಅವಕಾಶ ನನಗೆ ಆಗಾಗ ಸಿಕ್ಕಿದೆ. ಹೆಚ್ಚಿನವು ಒಂದೇ ಅಚ್ಚಿನಲ್ಲಿ ತೆಗೆದಂತೆ ಇರುತ್ತವೆ. ಮೊದಲು ಪೀಠಿಕೆ, ಆಮೇಲೆ ವಿಷಯ ನಿರೂಪಣೆ, ಕೊನೆಗೆ ಉಪಸಂಹಾರ. ಮೂರೂ ಶೀರ್ಷಿಕೆಗಳ ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ. ಸಂವಿಧಾನವನ್ನು 1949ರ ನವೆಂಬರ್ 26ರಂದು ಅಂಗೀಕರಿಸಲಾಯಿತು, 1950ರ ಜನವರಿ 26ರಂದು ಅದು ಜಾರಿಗೆ ಬಂತು, ಡಾ. ಅಂಬೇಡ್ಕರ್ ಕರಡು ಸಮಿತಿಯ ಅಧ್ಯಕ್ಷರಾಗಿದ್ದರು, ನಮ್ಮದು ಜಗತ್ತಿನ ಅತಿ ದೊಡ್ಡ ಲಿಖಿತ ಸಂವಿಧಾನಗಳಲ್ಲೊಂದು. ಎಲ್ಲವೂ ಸರಿಯಾದ ಸಂಗತಿಗಳೇ. ಮಗುವಿಗೆ ಇವು ಗೊತ್ತಿರುವುದು ಒಳ್ಳೆಯದೇ. ಆದರೆ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿದರೂ ಬರೆದ ಮಗು ಎಲ್ಲೂ ಕಾಣುವುದಿಲ್ಲ. ಅದು ಯಾವ ಊರಿನದು, ಅದರ ಕಣ್ಣಿಗೆ ಬಿದ್ದ ಅನ್ಯಾಯ ಯಾವುದು, ಯಾವ ನಿಯಮ ಅದಕ್ಕೆ ಸರಿಯೆನಿಸಿದೆ, ಯಾವುದು ಸರಿಯೆನಿಸಿಲ್ಲ ಎಂಬುದಕ್ಕೆ ಆ ಹಾಳೆಯಲ್ಲಿ ಜಾಗವೇ ಇರುವುದಿಲ್ಲ. ತಪ್ಪು ಮಗುವಿನದಲ್ಲ. ದುಂಡಗಿನ ಅಕ್ಷರಕ್ಕೆ, ತುಂಬಿದ ಪುಟಕ್ಕೆ, ಗೈಡಿನಲ್ಲಿದ್ದ ವಾಕ್ಯಕ್ಕೆ ಅಂಕ ಕೊಡುತ್ತ ಬಂದವರು ನಾವು.

ಇಂಥ ಉತ್ತರಪತ್ರಿಕೆಗಳ ಕಟ್ಟೊಂದರ ನಡುವೆ ಒಮ್ಮೆ ಬೇರೆಯದೇ ಒಂದು ಹಾಳೆ ಕೈಗೆ ಬಂತು. ಏಳನೇ ತರಗತಿಯ ಹುಡುಗಿಯೊಬ್ಬಳು ಬರೆದದ್ದು. ವಿಷಯ ಹಕ್ಕು ಮತ್ತು ಕರ್ತವ್ಯ. ಅವಳು ಬರೆದದ್ದು ತನ್ನ ಶಾಲೆಯ ಪುಸ್ತಕದ ಬೀರುವಿನ ಬಗ್ಗೆ. ಕಬ್ಬಿಣದ ಬೀರು, ಗಾಜಿನ ಬಾಗಿಲು, ಒಳಗೆ ಕಥೆಪುಸ್ತಕಗಳು ಕಾಣುತ್ತವೆ, ಬೀಗ ಹಾಕಿದೆ. ಬೀಗ ಯಾಕೆ ಎಂದು ಕೇಳಿದರೆ ಪುಸ್ತಕಗಳು ಹರಿದುಹೋಗುತ್ತವೆ, ಕಳೆದುಹೋಗುತ್ತವೆ, ಆಮೇಲೆ ಲೆಕ್ಕ ಕೊಡಬೇಕಾದವನು ನಾನು ಎನ್ನುತ್ತಾರಂತೆ ಮೇಷ್ಟ್ರು. ಇಷ್ಟು ಬರೆದು ಅವಳು ಮೇಷ್ಟ್ರನ್ನು ದೂರಲಿಲ್ಲ. ಅವರ ಮಾತಿನಲ್ಲಿ ನಿಜವಿದೆ ಎಂದು ಒಪ್ಪಿಕೊಂಡಳು; ಹಿಂದೆ ಪುಸ್ತಕ ಕೊಟ್ಟಾಗ ಕೆಲವು ವಾಪಸ್ ಬರಲಿಲ್ಲ ಎಂಬುದನ್ನೂ ಬರೆದಳು. ಆಮೇಲೆ ಕೇಳಿದಳು: ಹರಿಯಬಾರದು ಎಂದು ಯಾರೂ ಓದದ ಹಾಗೆ ಇಟ್ಟರೆ ಪುಸ್ತಕ ಯಾರಿಗಾಗಿ ತಂದದ್ದು? ಕೊನೆಯಲ್ಲಿ ಒಂದು ದಾರಿಯನ್ನೂ ಸೂಚಿಸಿದ್ದಳು. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಬೀರು ತೆಗೆಯುವುದು, ಇಬ್ಬರು ಮಕ್ಕಳು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಳ್ಳುವುದು, ಹಳೆಯದನ್ನು ತಂದುಕೊಟ್ಟವರಿಗೆ ಮಾತ್ರ ಹೊಸದು ಕೊಡುವುದು.

ಅಕ್ಷರ ಅಷ್ಟೇನೂ ದುಂಡಗಿರಲಿಲ್ಲ. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿದ್ದವು. ಸಂವಿಧಾನದ ಒಂದು ವಿಧಿಯ ಸಂಖ್ಯೆಯೂ ಅದರಲ್ಲಿ ಇರಲಿಲ್ಲ. ಆದರೂ ಆ ಕಟ್ಟಿನಲ್ಲಿ ಕಾನೂನಿನ ಬಗ್ಗೆ ಬರೆದವಳು ಅವಳೊಬ್ಬಳೇ ಎಂದು ನನಗೆ ಅನ್ನಿಸಿತು. ಒಂದು ನಿಯಮವನ್ನು ಎತ್ತಿಕೊಂಡಳು. ಅದು ಯಾಕೆ ಬಂತೆಂದು ವಿಚಾರಿಸಿದಳು. ಎದುರಿನವರ ಮಾತನ್ನು ಅವರ ಪರವಾಗಿಯೇ ಹೇಳಿದಳು. ತನಗೆ ಯಾಕೆ ಒಪ್ಪಿಗೆಯಿಲ್ಲ ಎಂಬುದಕ್ಕೆ ಕಾರಣ ಕೊಟ್ಟಳು. ಇಬ್ಬರಿಗೂ ನಷ್ಟವಾಗದ ಪರಿಹಾರ ಹುಡುಕಿದಳು. ಕಪ್ಪು ಕೋಟು ತೊಟ್ಟ ಹಿರಿಯರು ನ್ಯಾಯಾಲಯದಲ್ಲಿ ದಿನವಿಡೀ ಮಾಡುವ ಕೆಲಸವೂ ಇದೇ. ವಾದಿಯ ಮಾತು, ಪ್ರತಿವಾದಿಯ ಮಾತು, ಎರಡನ್ನೂ ತೂಗಿ ನೋಡಿದ ಮೇಲೆ ತೀರ್ಪು, ಆ ತೀರ್ಪಿಗೆ ಕಾರಣ.

ಕಾರಣ ಎಂಬುದು ಕಾನೂನಿನ ಜೀವಾಳ. ನ್ಯಾಯಾಧೀಶರು ನೀನು ಗೆದ್ದೆ, ನೀನು ಸೋತೆ ಎಂದಷ್ಟೇ ಹೇಳಿ ಎದ್ದುಹೋಗುವಂತಿಲ್ಲ. ಯಾಕೆ ಎಂದು ಬರೆಯಲೇಬೇಕು. ಬರೆದರೆ ತಾನೇ ಮೇಲಿನ ನ್ಯಾಯಾಲಯ ಅದನ್ನು ಓದಿ ಸರಿ-ತಪ್ಪು ನೋಡಲು ಸಾಧ್ಯ? ಸೋತವನಿಗೂ ತಾನು ಯಾಕೆ ಸೋತೆ ಎಂದು ತಿಳಿಯುವುದು ಅದರಿಂದಲೇ. ಕಚೇರಿಗಳಿಗೂ ಈ ಕಟ್ಟಳೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಅರ್ಜಿ ಹಾಕಿ ಕಾಗದ ಪಡೆಯುವ ಕಾಯ್ದೆ ಎಂದಷ್ಟೇ ನಾವು ತಿಳಿದಿದ್ದೇವೆ. ಅದರ ನಾಲ್ಕನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ: ಸಾರ್ವಜನಿಕ ಪ್ರಾಧಿಕಾರ ತನ್ನ ಆಡಳಿತಾತ್ಮಕ ತೀರ್ಮಾನಗಳಿಗೆ ಕಾರಣಗಳನ್ನು ಅದರಿಂದ ಬಾಧಿತರಾದವರಿಗೆ ತಿಳಿಸಬೇಕು. ಪಡಿತರ ಚೀಟಿ ರದ್ದಾದವರಿಗೆ, ಪಿಂಚಣಿ ನಿಂತುಹೋದ ಅಜ್ಜಿಗೆ, ಮನೆ ಮಂಜೂರಾಗದ ಕುಟುಂಬಕ್ಕೆ ಯಾಕೆ ಎಂದು ಕೇಳುವ ಹಕ್ಕಿದೆ. ಕೇಳಿದಾಗ ಹೇಳುವ ಹೊಣೆ ಸರ್ಕಾರದ್ದು. ಪ್ರಜೆ ಮತ್ತು ಪ್ರಭುತ್ವದ ನಡುವಿನ ಗೌರವ ಇರುವುದೇ ಇಲ್ಲಿ. ಆಳು ಎಂದುಕೊಂಡವನಿಗೆ ಅಪ್ಪಣೆ ಸಾಕು. ಸಮಾನ ಎಂದುಕೊಂಡವನಿಗೆ ಮಾತ್ರ ಕಾರಣ ಹೇಳುತ್ತೇವೆ.

ಸಂವಿಧಾನ ಹುಟ್ಟಿದ್ದೂ ಹೀಗೆಯೇ. ಅದರ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ನಮ್ಮ ಮಂಗಳೂರಿನವರು. 1887ರಲ್ಲಿ ಹುಟ್ಟಿ, ಅಲ್ಲಿಯ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಮಕ್ಕಳ ಪ್ರಬಂಧಗಳಲ್ಲಿ ಈ ಹೆಸರು ಕಾಣುವುದು ಅಪರೂಪ. ಅವರು ನೇರವಾಗಿ ಕರಡು ಬರೆಯಲು ಕೂರಲಿಲ್ಲ. ಮೊದಲು ಪ್ರಶ್ನೆಗಳನ್ನು ಬರೆದರು. ದೇಶದ ಮುಖ್ಯಸ್ಥರ ಆಯ್ಕೆ ಹೇಗಾಗಬೇಕು, ಕಾರ್ಯಾಂಗ ಯಾವ ಬಗೆಯದಾಗಿರಬೇಕು ಎಂಬಂಥ ಪ್ರಶ್ನಾವಳಿಯೊಂದನ್ನು 1947ರ ಮಾರ್ಚ್‌ನಲ್ಲಿ ಶಾಸನಸಭೆಗಳ ಸದಸ್ಯರಿಗೆ ಕಳಿಸಿದರು. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ 243 ವಿಧಿಗಳ ಮೊದಲ ಕರಡು ಸಿದ್ಧವಾಯಿತು. ಅಂಬೇಡ್ಕರ್ ಅವರ ಸಮಿತಿ ಅದನ್ನು ಕಡೆದು, ತಿದ್ದಿ, ಬೆಳೆಸಿತು. 395 ವಿಧಿಗಳ ಸಂವಿಧಾನ ಅಂತಿಮವಾಗಿ ರೂಪುಗೊಂಡಿತು.

ನಡುವೆ ನಡೆದದ್ದು ಚರ್ಚೆ. ಕರಡಿಗೆ 7,635 ತಿದ್ದುಪಡಿಗಳು ಬಂದಿದ್ದವು, ಅವುಗಳಲ್ಲಿ 2,473ನ್ನು ಸಂವಿಧಾನ ರಚನಾ ಸಭೆಯಲ್ಲಿ ಮಂಡಿಸಲಾಯಿತು ಎಂದು 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಅವರೇ ಲೆಕ್ಕ ಕೊಟ್ಟರು. ತಿದ್ದುಪಡಿ ತಂದವರು ಎದ್ದು ನಿಂತು ಯಾಕೆಂದು ಹೇಳುತ್ತಿದ್ದರು. ಒಪ್ಪದವರು ಯಾಕೆ ಒಪ್ಪುವುದಿಲ್ಲವೆಂದು ಹೇಳುತ್ತಿದ್ದರು. ಕೊನೆಗೆ ಅಂಬೇಡ್ಕರ್ ಉತ್ತರಿಸುತ್ತಿದ್ದರು. ಆ ಚರ್ಚೆಗಳೆಲ್ಲ ಹನ್ನೆರಡು ಸಂಪುಟಗಳಲ್ಲಿ ಅಚ್ಚಾಗಿವೆ. ದೇಶ ಆಗಷ್ಟೇ ಇಬ್ಭಾಗವಾಗಿತ್ತು, ನಿರಾಶ್ರಿತರು ರೈಲು ತುಂಬಿ ಬರುತ್ತಿದ್ದರು, ಆಹಾರಕ್ಕೆ ತತ್ವಾರವಿತ್ತು. ಅಂಥ ಹೊತ್ತಿನಲ್ಲೂ ಒಂದೊಂದು ವಾಕ್ಯಕ್ಕೆ ಕಾರಣ ಕೇಳುತ್ತ, ಕಾರಣ ಕೊಡುತ್ತ ಕೂರುವಷ್ಟು ತಾಳ್ಮೆ ಆ ಹಿರಿಯರಿಗೆ ಇತ್ತು. ಸಂವಿಧಾನ ರಚನೆಗೆ ಹಿಡಿದದ್ದು ಎರಡು ವರ್ಷ ಹನ್ನೊಂದು ತಿಂಗಳು ಎಂದು ಮಕ್ಕಳಿಗೆ ನಾವು ಅವಧಿಯನ್ನು ಕಲಿಸುತ್ತೇವೆ. ಅಷ್ಟು ಕಾಲ ಯಾಕೆ ಹಿಡಿಯಿತು ಎಂಬುದನ್ನು ಕಲಿಸಿದರೆ ಅವಧಿ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ.

ಮಗು ಕೇಳುವ ಕಾರಣಕ್ಕೆ ದೊಡ್ಡವರ ಲೋಕದಲ್ಲಿ ಬೆಲೆಯಿದೆಯೇ ಎಂದು ನೀವು ಕೇಳಬಹುದು. ನಮ್ಮ ರಾಜ್ಯದ್ದೇ ಒಂದು ಪ್ರಕರಣ ಹೇಳುತ್ತೇನೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಎರಡನೇ ಜೊತೆ ಸಮವಸ್ತ್ರ ಸಿಗದೇ ಹೋದಾಗ ಕೊಪ್ಪಳ ಜಿಲ್ಲೆಯ ಒಬ್ಬ ಬಾಲಕನ ಹೆಸರಿನಲ್ಲಿ ರಾಜ್ಯದ ಹೈಕೋರ್ಟಿಗೆ ಅರ್ಜಿ ಹೋಯಿತು. ಒಂದೇ ಜೊತೆಯಲ್ಲಿ ವಾರವೆಲ್ಲ ಶಾಲೆಗೆ ಹೋಗುವ ಮಗುವಿನ ಕಷ್ಟ ಏನೆಂದು ಬಟ್ಟೆ ಒಗೆಯುವ ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. 2019ರಲ್ಲಿ ಹೈಕೋರ್ಟು ಮಗುವಿನ ಪರವಾಗಿ ನಿಂತಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಮಕ್ಕಳಿಗೆ ಸಲ್ಲಬೇಕಾದ ಎರಡನೇ ಜೊತೆ ಸಮವಸ್ತ್ರ, ಶೂ, ಸಾಕ್ಸ್ ಕೊಡಿ ಎಂದು ಸರ್ಕಾರಕ್ಕೆ ಆದೇಶಿಸಿತು. ಅರ್ಜಿ ಯಾರದು, ಅವನ ವಯಸ್ಸೆಷ್ಟು, ಅವನ ಅಪ್ಪ ಏನು ಕೆಲಸ ಮಾಡುತ್ತಾನೆ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ಕಾರಣ ಗಟ್ಟಿಯಾಗಿತ್ತು. ಕಾನೂನಿನ ದೊಡ್ಡತನ ಇರುವುದೇ ಇದರಲ್ಲಿ. ಊರಿನ ಕಟ್ಟೆಯ ಮೇಲೆ ಮಾತಿಗೆ ತೂಕ ಬರುವುದು ಆಡಿದವರ ಜಾತಿ, ಜಮೀನು, ಮೀಸೆಯಿಂದ. ಕಾನೂನಿನ ಮುಂದೆ ಮಾತಿಗೆ ತೂಕ ಬರಬೇಕಾದದ್ದು ಅದರೊಳಗಿನ ಕಾರಣದಿಂದ.

ಮಕ್ಕಳಿಗೆ ಗೊತ್ತಿರಬೇಕಾದ ಇನ್ನೊಂದು ಸಂಗತಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಉಚಿತ ಕಾನೂನು ನೆರವಿಗೆ ಅರ್ಹರಾದವರ ಪಟ್ಟಿಯಲ್ಲಿ ಮಹಿಳೆಯರ ಜೊತೆಗೆ ಮಕ್ಕಳನ್ನೂ ಸೇರಿಸಿದೆ. ಆ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂದದ್ದರ ನೆನಪಿಗೇ ಕಾನೂನು ಸೇವಾ ದಿನ. ಅಂದರೆ ಸ್ಪರ್ಧೆ ಏರ್ಪಡಿಸುವ ಆ ತಾಲ್ಲೂಕು ಸಮಿತಿಯ ಬಾಗಿಲನ್ನು, ಅಗತ್ಯ ಬಿದ್ದರೆ, ಪ್ರಬಂಧ ಬರೆದ ಮಗುವೇ ತಟ್ಟಬಹುದು. ಬಹುಮಾನ ವಿತರಣೆಯ ದಿನ ಈ ಒಂದು ಮಾತನ್ನು ವೇದಿಕೆಯಿಂದ ಹೇಳಿದರೂ ಸಾರ್ಥಕ. ಮದುವೆ ಗೊತ್ತಾಗಿ ಶಾಲೆ ಬಿಡುವ ಭಯದಲ್ಲಿರುವ ಹುಡುಗಿಯೊಬ್ಬಳು ಆ ಸಾಲಿನಲ್ಲಿ ಕೂತಿರಬಹುದು.

ಕಾರಣ ಕೇಳುವುದನ್ನು ಕಲಿಸಿದರೆ ಮಕ್ಕಳು ಎದುರುತ್ತರ ಕೊಡುತ್ತಾರೆ ಎಂಬ ಆತಂಕ ಮನೆಗಳಲ್ಲಿ ಇದೆ. ಆ ಆತಂಕವನ್ನು ಹಗುರವಾಗಿ ತಳ್ಳಿಹಾಕಲಾರೆ. ಹಗಲೆಲ್ಲ ದುಡಿದು ಬಂದ ತಾಯಿ ಪ್ರತಿ ಮಾತಿಗೂ ಯಾಕೆ ಎಂಬ ಪ್ರಶ್ನೆ ಎದುರಿಸಬೇಕಾಗಿ ಬಂದರೆ ಅವಳ ಪಾಡೇನು? ಆದರೆ ಹಟಕ್ಕೂ ಕಾರಣಕ್ಕೂ ಅಂತರವಿದೆ. ಹಟ ತನ್ನ ಬೇಡಿಕೆಯನ್ನಷ್ಟೇ ಮತ್ತೆ ಮತ್ತೆ ಹೇಳುತ್ತದೆ. ಕಾರಣ ಕೊಡಲು ಹೊರಟವನು ಎದುರಿನವರ ಕಷ್ಟವನ್ನೂ ನೋಡಲೇಬೇಕಾಗುತ್ತದೆ. ಬೀರುವಿನ ಬಗ್ಗೆ ಬರೆದ ಹುಡುಗಿ ಮೇಷ್ಟ್ರ ಲೆಕ್ಕದ ಭಯವನ್ನು ಅರ್ಥ ಮಾಡಿಕೊಂಡಿದ್ದಳು. ಅವಳ ಮನಸ್ಸಿನಲ್ಲಿ ಮೇಷ್ಟ್ರ ಬಗೆಗಿನ ಗೌರವ ಅದರಿಂದ ಹೆಚ್ಚಾಗಿತ್ತೇ ಹೊರತು ಕಡಿಮೆಯಾಗಿರಲಿಲ್ಲ. ಬರೆಯುವುದರ ಉಪಕಾರ ಇದು. ಬಾಯಲ್ಲಿ ಜಗಳವಾಗುವ ಮಾತು ಹಾಳೆಯ ಮೇಲೆ ಇಳಿಯುವಾಗ ಸ್ವಲ್ಪ ತಣಿಯುತ್ತದೆ; ಮುಂದಿನ ವಾಕ್ಯ ಏನೆಂದು ಯೋಚಿಸುವಷ್ಟು ಬಿಡುವು ಮನಸ್ಸಿಗೆ ಸಿಗುತ್ತದೆ.

ಸಂವಿಧಾನವೇ ಇದನ್ನು ಕರ್ತವ್ಯವೆಂದು ಕರೆದಿದೆ. 1976ರಲ್ಲಿ ಸೇರಿದ 51ಎ ವಿಧಿಯ ಮೂಲಭೂತ ಕರ್ತವ್ಯಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆ, ಸುಧಾರಣಾ ಪ್ರವೃತ್ತಿಯನ್ನು ಬೆಳೆಸಿಕೊಳ್ಳಬೇಕು ಎಂಬುದೂ ಆ ಪಟ್ಟಿಯಲ್ಲಿದೆ. ಜಿಜ್ಞಾಸೆಯನ್ನು ಬಾಯಿಪಾಠ ಮಾಡಿಸಿ ಬೆಳೆಸಲಾಗದು. ಅದಕ್ಕೆ ಪ್ರಶ್ನೆ ಬೇಕು, ಪ್ರಶ್ನೆಯನ್ನು ಸಹಿಸುವ ಹಿರಿಯರು ಬೇಕು.

ಹಾಗಾದರೆ ಎಂಥ ವಿಷಯ ಕೊಡೋಣ? ದೂರ ಹೋಗಬೇಕಿಲ್ಲ, ಶಾಲೆಯ ಗೇಟಿನವರೆಗೆ ಹೋದರೆ ಸಾಕು. ಶಿಕ್ಷಣ ಸಂಸ್ಥೆಯಿಂದ ನೂರು ಗಜದೊಳಗೆ ಬೀಡಿ, ಸಿಗರೇಟು, ತಂಬಾಕು ಮಾರಬಾರದು ಎಂದು 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆ ಹೇಳುತ್ತದೆ. ನೂರು ಗಜವೆಂದರೆ ಹೆಚ್ಚುಕಡಿಮೆ ತೊಂಬತ್ತೊಂದೂವರೆ ಮೀಟರು. ಆಟದ ಮೇಷ್ಟ್ರ ಟೇಪು ತೆಗೆದುಕೊಂಡು ಮಕ್ಕಳು ಗೇಟಿನಿಂದ ಅಳೆದುಕೊಂಡು ಹೋಗಲಿ. ಅಂಗಡಿ ಎಲ್ಲಿ ಬಂತು? ಒಳಗೆ ಬಂತೋ ಹೊರಗೆ ಬಂತೋ? ಆಮೇಲೆ ಬರೆಯಲಿ: ಈ ನಿಯಮ ಯಾಕೆ ಬೇಕು? ತೊಂಬತ್ತು ಮೀಟರಿಗೆ ಬೇಡ, ನೂರಕ್ಕೆ ಪರವಾಗಿಲ್ಲ ಎಂದು ಗೆರೆ ಎಳೆಯುವುದು ಸರಿಯೇ? ಆ ಪೆಟ್ಟಿಗೆ ಅಂಗಡಿ ನಡೆಸುವವಳು ನಿಮ್ಮ ತರಗತಿಯವನ ಅಮ್ಮನೇ ಆಗಿದ್ದರೆ ಅವಳಿಗೆ ಏನು ಹೇಳುತ್ತೀರಿ? ಅವಳ ಸಂಸಾರ ನಡೆಯಲು ಪಂಚಾಯಿತಿ ಏನು ಮಾಡಬಹುದು?

ಈ ಪ್ರಶ್ನೆಗಳಿಗೆ ಗೈಡಿನಲ್ಲಿ ಉತ್ತರವಿಲ್ಲ. ಟೇಪು ಹಿಡಿದು ನಡೆದ ಮಗುವಿಗೆ ಕಾನೂನಿನ ಒಂದು ಸಾಲು ಎಷ್ಟು ಹೆಜ್ಜೆ ಎಂಬುದು ಕಾಲಿಗೇ ಗೊತ್ತಾಗಿರುತ್ತದೆ. ಅಂಗಡಿಯಮ್ಮನ ಮುಖ ನೆನಪಾದಾಗ ಒಂದು ಒಳ್ಳೆಯ ನಿಯಮವೂ ಯಾರದೋ ಹೊಟ್ಟೆಯ ಮೇಲೆ ಬೀಳಬಹುದು ಎಂಬುದು ತಿಳಿಯುತ್ತದೆ. ಎರಡನ್ನೂ ಮನಸ್ಸಿನಲ್ಲಿ ಹಿಡಿದುಕೊಂಡು ಒಂದು ತೀರ್ಮಾನಕ್ಕೆ ಬರುವುದು ದೊಡ್ಡವರಿಗೂ ಕಷ್ಟ. ಆ ಕಷ್ಟವನ್ನು ಹನ್ನೆರಡನೇ ವಯಸ್ಸಿನಲ್ಲಿ ಒಮ್ಮೆ ಅನುಭವಿಸಿದವರು ಇಪ್ಪತ್ತೆರಡರಲ್ಲಿ ಮೊಬೈಲಿಗೆ ಬಂದ ಯಾವುದೋ ರೋಷದ ಸಂದೇಶವನ್ನು ಹಾಗೆಯೇ ಮುಂದಕ್ಕೆ ಕಳಿಸುವ ಮೊದಲು ಒಂದು ಕ್ಷಣ ನಿಲ್ಲುತ್ತಾರೆ ಎಂಬ ನಂಬಿಕೆ ನನಗಿದೆ.

ಮೌಲ್ಯಮಾಪನವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಗಣಿತದ ಮೇಷ್ಟ್ರು ಉತ್ತರ ತಪ್ಪಾದರೂ ಹಂತಗಳು ಸರಿಯಿದ್ದರೆ ಅಂಕ ಕೊಡುತ್ತಾರೆ. ಪೌರನೀತಿಯ ಪ್ರಬಂಧಕ್ಕೂ ಹಾಗೆಯೇ ಹಂತಕ್ಕೆ ಅಂಕ ಸಿಗಲಿ. ನಿಯಮವನ್ನು ಸರಿಯಾಗಿ ಹೇಳಿದೆಯೇ, ಎದುರು ಪಕ್ಷದ ಮಾತನ್ನು ನ್ಯಾಯವಾಗಿ ಮುಂದಿಟ್ಟಿದೆಯೇ, ತನ್ನ ತೀರ್ಮಾನಕ್ಕೆ ಕಾರಣ ಕೊಟ್ಟಿದೆಯೇ, ಇವನ್ನು ನೋಡೋಣ. ತೀರ್ಮಾನ ನಮಗೆ ಒಪ್ಪಿಗೆಯಾಗದಿದ್ದರೂ ಸರಿ. ಮನೆಯಲ್ಲಿ ಲಂಬಾಣಿ, ತುಳು, ದಕ್ಕನಿ ಉರ್ದು ಆಡುವ ಮಗು ಶಾಲೆಯ ಕನ್ನಡದಲ್ಲಿ ಎಡವಿದ್ದರೆ ಆ ಎಡವಿನ ಆಚೆಗಿರುವ ಯೋಚನೆಯನ್ನು ಓದುವ ವ್ಯವಧಾನ ನಮಗಿರಲಿ. ವಾರದಲ್ಲಿ ಎರಡು ದಿನ ಹೊಲಕ್ಕೋ ತಮ್ಮನನ್ನು ನೋಡಿಕೊಳ್ಳಲೋ ಮನೆಯಲ್ಲೇ ಉಳಿಯುವ ಮಗುವಿಗೆ ನ್ಯಾಯದ ಬಗ್ಗೆ ಹೇಳಲು ಉಳಿದವರಿಗಿಂತ ಹೆಚ್ಚೇ ಇರುತ್ತದೆ.

ಮುಖ್ಯವಾದ ಮಾತು ಇನ್ನೊಂದಿದೆ. ಮಕ್ಕಳಿಂದ ಕಾರಣ ಕೇಳುವ ನಾವು ಅವರಿಗೆ ಕಾರಣ ಕೊಡುತ್ತೇವೆಯೇ? ಫಲಿತಾಂಶದ ದಿನ ಮೂರು ಹೆಸರು ಓದುತ್ತೇವೆ, ಚಪ್ಪಾಳೆ ಹೊಡೆಯುತ್ತೇವೆ, ಉಳಿದ ಹಾಳೆಗಳು ಕಟ್ಟು ಕಟ್ಟಿಕೊಂಡು ಮೂಲೆ ಸೇರುತ್ತವೆ. ತನ್ನ ಪ್ರಬಂಧ ಯಾಕೆ ಆಯ್ಕೆಯಾಗಲಿಲ್ಲ ಎಂಬುದು ಮಗುವಿಗೆ ಕೊನೆಗೂ ಗೊತ್ತಾಗುವುದಿಲ್ಲ. ಕಾನೂನಿನ ಹೆಸರಿನಲ್ಲಿ ನಡೆಸುವ ಸ್ಪರ್ಧೆಯಲ್ಲೇ ಕಾರಣವಿಲ್ಲದ ತೀರ್ಪು ಕೊಟ್ಟಂತಾಯಿತು. ಪ್ರತಿ ಹಾಳೆಯ ಕೆಳಗೆ ಎರಡು ವಾಕ್ಯ ಬರೆದು ಮಗುವಿಗೆ ವಾಪಸ್ ಕೊಡುವುದು ಅಸಾಧ್ಯವಲ್ಲ. ಇಲ್ಲಿ ನಿನ್ನ ಮಾತು ಗಟ್ಟಿಯಾಗಿದೆ, ಇಲ್ಲಿ ಎದುರಿನವರ ಮಾತು ಕೇಳಿಸಿಕೊಳ್ಳಲಿಲ್ಲ, ಅಷ್ಟೇ ಸಾಕು. ತೀರ್ಪುಗಾರರಿಗೆ ಒಂದು ದಿನದ ಕೆಲಸ ಹೆಚ್ಚಾಗುತ್ತದೆ, ನಿಜ. ಆದರೆ ಮಗು ಆ ಎರಡು ವಾಕ್ಯವನ್ನು ಪ್ರಮಾಣಪತ್ರಕ್ಕಿಂತ ಹೆಚ್ಚು ಸಲ ಓದುತ್ತದೆ.

ಪ್ರಬಂಧದಲ್ಲಿ ಬಂದ ಅಹವಾಲಿಗೂ ಒಂದು ದಾರಿ ಇರಲಿ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ಇದೆ. ಶೌಚಾಲಯಕ್ಕೆ ನೀರಿಲ್ಲ, ಕಾಂಪೌಂಡು ಬಿದ್ದಿದೆ, ಬಸ್ಸು ಶಾಲೆ ಬಿಡುವ ಹೊತ್ತಿಗೆ ಬರುವುದಿಲ್ಲ ಎಂದು ಮಕ್ಕಳು ಮೈಕು ಹಿಡಿದು ಹೇಳುತ್ತಾರೆ; ಪಿಡಿಒ, ಸದಸ್ಯರು ಎದುರಿಗೇ ಕೂತು ಕೇಳುತ್ತಾರೆ. ಸ್ಪರ್ಧೆಯ ಹಾಳೆಗಳಿಂದ ಊರಿಗೆ ಸಂಬಂಧಿಸಿದ ನಾಲ್ಕು ಮಾತುಗಳನ್ನು ಆರಿಸಿ ಆ ಸಭೆಯ ಮುಂದಿಟ್ಟರೆ ಪ್ರಬಂಧ ಪೆಟ್ಟಿಗೆಯಲ್ಲಿ ಮುಚ್ಚಿಹೋಗುವುದಿಲ್ಲ. ಆಗುತ್ತದೆ ಎಂಬ ಉತ್ತರ ಬಂದರೆ ಸಂತೋಷ. ಈ ವರ್ಷ ಅನುದಾನವಿಲ್ಲ, ಬರುವ ವರ್ಷದ ಕ್ರಿಯಾಯೋಜನೆಯಲ್ಲಿ ಸೇರಿಸುತ್ತೇವೆ ಎಂಬ ಉತ್ತರ ಬಂದರೂ ಅದು ಉತ್ತರವೇ. ತಾನು ಕೇಳಿದೆ, ತನಗೆ ಹೇಳಿದರು ಎಂಬ ಅನುಭವದಿಂದ ಮಗುವಿನಲ್ಲಿ ನಾಗರಿಕ ಬೆಳೆಯುತ್ತಾನೆ. ಕೇಳಿದೆ, ಯಾರೂ ಹೇಳಲಿಲ್ಲ ಎಂಬ ಅನುಭವ ಮರುಕಳಿಸಿದರೆ ಅದೇ ಮಗು ಮುಂದೆ ಮತಗಟ್ಟೆಯ ಸಾಲಿನಲ್ಲಿ ನಿಂತು ಏನು ಪ್ರಯೋಜನ ಎನ್ನುತ್ತದೆ.

ರಾಜಕೀಯದಲ್ಲಿ ಸಮಾನತೆ ಬರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿದೇ ಇರುತ್ತದೆ ಎಂದು ಅಂಬೇಡ್ಕರ್ ಅದೇ ನವೆಂಬರ್ 25ರ ಭಾಷಣದಲ್ಲಿ ಎಚ್ಚರಿಸಿದ್ದರು. ಆ ಅಂತರವನ್ನು ತುಂಬುವ ಕೆಲಸ ಸಂಸತ್ತಿನಲ್ಲಿ ಮಾತ್ರ ಆಗುವಂಥದ್ದಲ್ಲ. ಗಂಡುಮಗನಿಗೆ ಸೈಕಲ್ಲು, ಹೆಣ್ಣುಮಗಳಿಗೆ ಯಾಕಿಲ್ಲ? ಅಣ್ಣ ಆಟಕ್ಕೆ ಹೋಗಬಹುದು, ತಂಗಿ ಯಾಕೆ ಪಾತ್ರೆ ತೊಳೆಯಬೇಕು? ಮನೆಗೆ ಬಂದ ಗೆಳೆಯನಿಗೆ ಬೇರೆ ಲೋಟ ಯಾಕೆ? ಈ ಪ್ರಶ್ನೆಗಳನ್ನು ಮಗು ಮೊದಲು ಕೇಳುವುದು ಅಡುಗೆಮನೆಯ ಬಾಗಿಲಲ್ಲಿ. ಆ ಕ್ಷಣದಲ್ಲಿ ಸುಮ್ಮನಿರು ಎಂದುಬಿಟ್ಟರೆ ಶಾಲೆಯಲ್ಲಿ ಅದು ಸಮಾನತೆಯ ಬಗ್ಗೆ ಎಷ್ಟು ಪುಟ ಬರೆದರೂ ಬಾಯಿಪಾಠವೇ.

ಈ ನವೆಂಬರಿನಲ್ಲಿ ನಿಮ್ಮ ಮನೆಯ ಮಗು ಸ್ಪರ್ಧೆಗೆ ಬರೆಯಲು ಕೂತರೆ ದಯವಿಟ್ಟು ವಾಕ್ಯಗಳನ್ನು ಹೇಳಿ ಬರೆಸಬೇಡಿ. ನಮ್ಮ ಮನೆಯ ಯಾವ ನಿಯಮ ನಿನಗೆ ಸರಿಯೆನಿಸುವುದಿಲ್ಲ, ಯಾಕೆ ಎಂದು ಕೇಳಿ. ಅದು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಆ ನಿಯಮ ಇಟ್ಟದ್ದಕ್ಕೆ ನಿಮ್ಮ ಕಾರಣವನ್ನು ಹೇಳಿ. ನಿಮ್ಮ ಕಾರಣ ಗಟ್ಟಿಯಾಗಿದ್ದರೆ ಮಗು ಇಂದಲ್ಲ ನಾಳೆ ಒಪ್ಪುತ್ತದೆ. ಹೇಳಲು ಹೋದಾಗ ಕಾರಣವೇ ಸಿಗದಿದ್ದರೆ, ಬದಲಾಗಬೇಕಾದದ್ದು ಆ ನಿಯಮ. ಬದಲಿಸಿ.